ತನ್ನನ್ನೇ ಮುಚ್ಚಿಕೊಂಡ ಸರ್ಕಾರ

ತಂಗಿ ಮನೆ ಬಿಟ್ಟು ಹೊರಟ ದಿನ ನಾನು ಅವಳ ಉಡಿ ತುಂಬಲಿಲ್ಲ. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಎಲ್ಲ ಅಡುಗೆಮನೆಯಲ್ಲೇ ಇದ್ದವು. ನಾನು ಮಾತ್ರ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ಈಗಲೂ ಯಾವುದಾದರೂ ಡ್ರೈಕ್ಲೀನಿಂಗ್ ಅಂಗಡಿಯ ಇಸ್ತ್ರಿ ಹಬೆ ಮೂಗಿಗೆ ಬಡಿದರೆ ಆ ವರ್ಷ ಕಣ್ಣಮುಂದೆ ಬಂದು ನಿಲ್ಲುತ್ತದೆ.

ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ನಮ್ಮ ಎರಡು ಸಂಸಾರ ಒಂದೇ ಬಾಡಿಗೆ ಮನೆಯಲ್ಲಿದ್ದವು. ಗಂಡಂದಿರಿಬ್ಬರೂ ವೈ-ಟು-ಕೆ, ಎರಡು ಸಾವಿರದ ಇಸವಿಯ ದೋಷ ಸರಿಪಡಿಸಬೇಕು ಎಂದು ಕಂಪ್ಯೂಟರಿಗೆ ಅಂಟಿಕೊಂಡಿದ್ದ ಕಾಲ. ತಂಗಿ ಶಾಂತಾ ಮನ್ರೋದಲ್ಲಿ ಮನೆ ಕೊಂಡಳು. ಸಾಮಾನು ಕಟ್ಟುವಾಗ ರೊಟ್ಟಿ ಹಂಚಿಗಾಗಿ ಜಗಳ ತೆಗೆದೆ. ಹುಬ್ಬಳ್ಳಿಯಿಂದ ಅದನ್ನು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ನಾನೇ ಎಂದು ಕೂಗಾಡಿದೆ. ನಿಜ ಹೇಳಬೇಕೆಂದರೆ, ತಂದವಳು ಅವಳು. ಆಮೇಲೆ ನಾಲ್ಕು ತಿಂಗಳು ಮಾತಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಬರುತ್ತಿದ್ದುದು ಹೊಲಿಗೆ ಒಂದೇ. ಡ್ರೈಕ್ಲೀನಿಂಗ್ ಅಂಗಡಿಯೊಂದರಲ್ಲಿ ಪ್ಯಾಂಟುಗಳ ಅಂಚು ಮಡಚುತ್ತಿದ್ದೆ. ಪಕ್ಕದ ಮಿಷನ್ನಿನಲ್ಲಿ ಆನಾ, ಸ್ಲೊವಾಕಿಯಾದವಳು; ಅವಳ ಇಂಗ್ಲಿಷೂ ನನ್ನಷ್ಟೇ. ಒಂದು ಮಧ್ಯಾಹ್ನ ತಂಗಿಯೊಂದಿಗಿನ ನನ್ನ ಹಂಚಿನ ಜಗಳ ಕೇಳಿ, ಅವಳು ತನ್ನ ಚೆಕೊಸ್ಲೊವಾಕಿಯಾ ಎರಡು ದೇಶವಾದ ಕಥೆ ಹೇಳಿದಳು.

"ಚೆಕ್, ಸ್ಲೊವಾಕ್ ಎರಡೂ ಕಡೆಯ ಪಕ್ಷದವರು ಸೇರಿ ಒಂದು ಸರ್ಕಾರ ಮಾಡಿದರು. ಅದರ ದೊಡ್ಡ ಕೆಲಸ ಏನು ಗೊತ್ತಾ? ತನ್ನನ್ನೇ ಮುಚ್ಚೋದು."

"ಹೊಡೆದಾಟ?"

"ಇಲ್ಲ. ಕಟ್ಟಡ, ರಸ್ತೆ, ನೆಲಕ್ಕೆ ಅಂಟಿದ್ದು ಎಲ್ಲಿತ್ತೋ ಅಲ್ಲೇ ಉಳಿಯಿತು. ಉಳಿದದ್ದರಲ್ಲಿ ಚೆಕ್ಕರಿಗೆ ಎರಡು ಪಾಲು, ನಮಗೆ ಒಂದು. ಸೈನ್ಯದ ಟ್ಯಾಂಕು ಕೂಡ."

ನನ್ನ ಸೂಜಿ ಬಟ್ಟೆಯಲ್ಲೇ ನಿಂತಿತು. ಒಬ್ಬರಿಗೊಬ್ಬರು ಹೊಂದದವರು ಒಂದೇ ಮೇಜಿಗೆ ಕೂತು, ತಮ್ಮ ಕುರ್ಚಿಯನ್ನು ತಾವೇ ಬಿಚ್ಚಿಟ್ಟು ಎದ್ದು ಹೋದರಾ? ತೋಪು, ಟ್ಯಾಂಕು ಇದ್ದವರು! ನನ್ನ ಜಗಳದಲ್ಲಿ ಇದ್ದದ್ದು ಒಂದು ಕಬ್ಬಿಣದ ಹಂಚು.

"ಎಲ್ಲರಿಗೂ ಖುಷಿಯೇ ಆಯಿತಾ?" ಎಂದೆ.

"ನಮ್ಮನ್ನು ಯಾರು ಕೇಳಿದರು? ನಾನು ಅತ್ತುಬಿಟ್ಟೆ. ನನ್ನಕ್ಕ ಗಡಿಯ ಆ ಕಡೆ ಉಳಿದಳು. ಆದರೂ ವರ್ಷ ವರ್ಷ ಜಾಮ್ ಕಳಿಸುತ್ತಾಳೆ." ಹಲ್ಲಿನಲ್ಲಿ ದಾರ ಕಡಿದು ನನ್ನತ್ತ ತಿರುಗಿದಳು. "ನಿನ್ನ ತಂಗಿ ಎಷ್ಟು ದೂರ?"

"ಮನ್ರೋ. ಇಪ್ಪತ್ತು ನಿಮಿಷ ಡ್ರೈವ್."

"ಪಾಸ್‌ಪೋರ್ಟ್ ಬೇಕಾ?"

ಅಂಗಡಿಯ ಫೋನನ್ನು ಅವಳೇ ನನ್ನ ಮುಂದೆ ತಳ್ಳಿದಳು. ಎರಡು ಸಲ ತಪ್ಪು ನಂಬರ್ ಒತ್ತಿದೆ; ಮೂರನೇ ಸಲಕ್ಕೆ ಶಾಂತಾಳ ದನಿ ಕೇಳಿಸಿತು. ನಾನು, ಅಕ್ಕ, ಎಂದೆ.

"ಏನಕ್ಕಾ, ನಂಬರ್ ತಪ್ಪಿತೇನು?"

"ಇಲ್ಲವ್ವಾ, ಫೋನ್ ಇಡಬ್ಯಾಡ. ನೀ ಹೋದಮ್ಯಾಲ ನಾ ಒಬ್ಬಾಕಿನ ಈ ಊರಾಗ ಹೆಂಗ ಇರಲಿ ಅಂತ ಹೆದರಿದ್ದೆ. ಹೆದರೀನಿ ಅನ್ನಾಕ ನಾಚಿಕಿ ಬಂದು, ಜಗಳಾ ತಗದೆ. ನನ್ನ ತಪ್ಪಾತು, ಶಾಂತಾ."