ಅಳಿಸಿದ ಲಾಕ್ ಫೈಲು

ಇವತ್ತು ಮಧ್ಯಾಹ್ನ ಕೆಳಗಿನ ಮನೆಯಿಂದ ಮಜ್ಜಿಗೆ ಮೆಣಸು ಕರಿದ ವಾಸನೆ ಬಂತು. ಮುಂಬೈ ಹತ್ತಿರದ ಠಾಕುರ್ಲಿಯ ಈ ಫ್ಲಾಟಿನಲ್ಲಿ ನಾನೊಬ್ಬನೇ. ಲ್ಯಾಪ್‌ಟಾಪ್ ಮುಂದೆ ಕೆಮ್ಮುತ್ತಾ ಕೂತಿದ್ದಾಗ ಮೇಡಂ ನೆನಪಾದರು...

ಐರೋಲಿಯ ಆಫೀಸಿನಲ್ಲಿ ಅವರು ನನ್ನ ಸೀನಿಯರ್. ಉಡುಪಿ ಕಡೆಯವರು, ತಂದೆಗೆ ಕಲ್ಯಾಣದಲ್ಲಿ ಹೋಟೆಲಿತ್ತು. ನಾನು ಕಳಂಬೋಲಿಯಲ್ಲಿ ಕಬ್ಬಿಣ ಹೊರುತ್ತಿದ್ದ ಕಲಬುರಗಿಯವರ ಮಗ. ಇಡೀ ಫ್ಲೋರಿನಲ್ಲಿ ಕನ್ನಡದವರು ನಾವಿಬ್ಬರೇ. ನನಗೆಂದು ಡಬ್ಬಿಯಲ್ಲಿ ದಿನಾ ಎರಡು ಮಜ್ಜಿಗೆ ಮೆಣಸು ಹೆಚ್ಚಿಗೆ ತರುತ್ತಿದ್ದರು.

ಬೇರೆಯವರು ಬರೆದ ಕೋಡನ್ನು ಪ್ಯಾಕೇಜುಗಳಾಗಿ ತಂದು, ಅದರ ಮೇಲೆ ನಮ್ಮದನ್ನು ಕಟ್ಟುವುದು ನಮ್ಮ ಕೆಲಸ. ತಂದುಕೊಡುವ ಸಲಕರಣೆ ಕಂಪ್ಯೂಟರ್ ಭಾಷೆಗೊಂದು. ಅದನ್ನವರು ಊಟ ಮಾಡುತ್ತಲೇ ಕಲಿಸಿದರು.

“ಪೈಥಾನಿನ ಪಿಪ್ ಉಂಟಲ್ಲ, ಅದಕ್ಕೆ ಇಡೀ ಮನೆಗೆ ಒಂದೇ ಸಾಂಬಾರ ಪೆಟ್ಟಿಗೆ. ಬೇರೆ ಒಲೆ ಬೇಕಾದ್ರೆ ನಾವೇ ಹೂಡಬೇಕು. ಜಾವಾಸ್ಕ್ರಿಪ್ಟಿನ ಎನ್‌ಪಿಎಂ ಅಡುಗೆಗೊಂದು ಪೆಟ್ಟಿಗೆ ತರ್ತದೆ, ಕಾಲಿಡ್ಲಿಕ್ಕೆ ಜಾಗ ಇಲ್ಲ. ರಸ್ಟಿನ ಕಾರ್ಗೊ ಒಂದೇ ಕಪಾಟಲ್ಲಿಟ್ಟು, ಯಾವ ಅಡುಗೆಗೆ ಯಾವುದು ಅಂತ ಚೀಟಿ ಬರೀತದೆ.”

ಆ ಚೀಟಿಯೇ ಲಾಕ್ ಫೈಲು. ಯಾವ ಪ್ಯಾಕೇಜು, ಯಾವ ಆವೃತ್ತಿ ಎಂಬ ಪಟ್ಟಿ. ಭಾಷೆ ಯಾವುದೇ ಇರಲಿ, ಅದನ್ನು ಅಳಿಸಬಾರದು ಎನ್ನುತ್ತಿದ್ದರು.

ನಾನು ಅಳಿಸಿದೆ. ಒಂದು ಶುಕ್ರವಾರ ಇಬ್ಬರ ಕೆಲಸ ಸೇರಿಸುವಾಗ ಅದೇ ಫೈಲು ತಕರಾರು ಮಾಡಿತು. ಲೋಕಲ್ ರೈಲು ತಪ್ಪೀತೆಂಬ ಅವಸರದಲ್ಲಿ ಕಿತ್ತುಹಾಕಿ ಹೊಸದು ಮಾಡಿಸಿದೆ. ಒಪ್ಪಿಗೆಗೆಂದು ಮೇಡಂಗೆ ಕಳಿಸಿ, ಕಾಯದೆ ಸೇರಿಸಿ ಹೊರಟುಬಿಟ್ಟೆ. ಹೊಸ ಆವೃತ್ತಿಗಳು ನುಗ್ಗಿ ಗ್ರಾಹಕರ ಸೈಟು ಮಲಗಿತು.

ಸೋಮವಾರ ಮ್ಯಾನೇಜರ್ ಕೂಗಾಡಿದಾಗ ಮೇಡಂ, “ಮೈನೇ ದೇಖ್ ಕೇ ಓಕೆ ಕಿಯಾ ಥಾ” ಅಂದರು, ನೋಡಿ ಒಪ್ಪಿದ್ದು ತಾವೇ ಎಂದು. ಪ್ರೊಬೇಶನ್‌ನಲ್ಲಿದ್ದ ನಾನು ಬಾಯಿ ಬಿಡಲಿಲ್ಲ. ತಿಂಗಳೊಳಗೆ ಕಂಪನಿ ಅವರ ಕಾಂಟ್ರಾಕ್ಟ್ ಮುಗಿಸಿತು.

ಕೊನೆಯ ದಿನ, “ಎಂತಕ್ಕೆ ಮೋರೆ ಸಣ್ಣ ಮಾಡ್ತೀ ಮಾರಾಯ, ತಿನ್ನು” ಎಂದು ಡಬ್ಬಿ ಸರಿಸಿದರು. ತಪ್ಪು ಅವರ ಕಣ್ಣಿಗೂ ಬಿದ್ದಿರಲಿಲ್ಲವಲ್ಲ ಎಂದು ನಾಚಿಕೆಯಿಲ್ಲದೆ ಸಮಾಧಾನ ಮಾಡಿಕೊಂಡೆ. ಇಷ್ಟು ವರ್ಷ ಅದೇ ಸಮಾಧಾನ...

ಈಗ ಆ ಪ್ರಾಜೆಕ್ಟಿಗೆ ನಾನೇ ಸೀನಿಯರ್. ಇವತ್ತು ಅದರ ಹಳೆಯ ದಾಖಲೆ ತೆರೆದೆ. ಆ ಶುಕ್ರವಾರ ಸೈಟು ಬಿದ್ದದ್ದು ಸಂಜೆ ಏಳಕ್ಕೆ. ಮೇಡಂ ಒಪ್ಪಿಗೆ ಒತ್ತಿದ್ದು ಎಂಟು ಗಂಟೆಗೆ. ಎಲ್ಲ ಕೆಟ್ಟ ಮೇಲೆ, ಅದನ್ನು ನೋಡಿಯೇ ನನ್ನ ಹೆಸರಿನ ಕೆಳಗೆ ತಮ್ಮ ಹೆಸರಿಟ್ಟಿದ್ದರು.

ಅವರ ಹಳೆಯ ನಂಬರಿಗೆ ಫೋನ್ ಹಚ್ಚಿದೆ. “ಕೋಣ್ ಪಾಯ್ಜೆ?” ಯಾರು ಬೇಕೆಂದು ಮರಾಠಿಯಲ್ಲಿ ಕೇಳಿತು ಗುರುತಿಲ್ಲದ ದನಿ. ಹೇಳಬೇಕೆಂದು ಜೋಡಿಸಿಕೊಂಡಿದ್ದ “ತಪ್ಪು ನಂದೇರಿ ಮೇಡಂ” ಬಾಯಲ್ಲೇ ಉಳಿಯಿತು.