ಮಂಡಕ್ಕಿ ಅಜ್ಜಿಯ ಫೋನು

ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಇವತ್ತು ಬೆಳಿಗ್ಗೆ ಗ್ರಂಥಾಲಯದ ನನ್ನ ಮೇಜಿನ ಮೇಲೆ ಒಬ್ಬ ಗಂಡಸು ಪುಟ್ಟ ಬಟ್ಟೆ ಚೀಲವೊಂದನ್ನು ತಂದಿಟ್ಟ. ರವಿಕೆ ಬಟ್ಟೆಯ ಚೂರಿನಲ್ಲಿ ಹೊಲಿದದ್ದು. ಒಳಗೊಂದು ಫೋನು. "ನಮ್ಮ ದೊಡ್ಡವ್ವಂದು. ಲಾಕ್ ಆಗೈತೆ. ಜಾಗದ ಕಾಗದ ಎಲ್ಲಾ ಇದರಾಗೇ ಅದಾವಂತೆ. ನೀವೇ ಕಲಿಸಿದ್ದಲ್ರೀ ಮೇಡಂ, ತೆಗೆದುಕೊಡ್ರಿ" ಅಂದ. ನಾನು ಉತ್ತರ ಕೊಡುವ ಮೊದಲೇ ಚೀಲದ ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿತ್ತು...

ಮಂಡಕ್ಕಿ ಅಜ್ಜಿ. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಪಕ್ಕ ಬೇವಿನ ಮರದ ಕೆಳಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದವರು. ಗಂಡ ಹೂಡಿಕೊಟ್ಟ ಒಲೆಯನ್ನು, ಗಂಡ ಹೋದ ಮೇಲೂ ಆರಲು ಬಿಟ್ಟಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಶನಿವಾರ ಶನಿವಾರ ಗ್ರಂಥಾಲಯದಲ್ಲೇ ವಯಸ್ಸಾದವರಿಗೆ ಫೋನು ಕಲಿಸಲು ಶುರು ಮಾಡಿದಾಗ ಮೊದಲು ಬಂದು ಕೂತವರು ಅವರೇ. ಓದು ಬರಹ ಇರಲಿಲ್ಲ. ಪೇಪರ್ ಓದುತ್ತಿದ್ದ ಹಿರಿಯರೊಬ್ಬರು "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕರು. "ಅರಳು ಹುರಿಯೋದೇ ನನ್ನ ಕಸುಬು ಕಣಪ್ಪಾ, ನೀನು ಪೇಪರ್ ನೋಡ್ಕ" ಎಂದ ಅಜ್ಜಿ ಅತ್ತ ತಿರುಗಿಯೂ ನೋಡಲಿಲ್ಲ.

ಅವರಿಗೆ ಹಟ ಹುಟ್ಟಲು ಕಾರಣವಿತ್ತು. ಬೀದಿ ಬದಿ ವ್ಯಾಪಾರಿಗಳಿಗೆ ಕೂರುವ ಜಾಗಕ್ಕೊಂದು ಗುರುತಿನ ಚೀಟಿ ಕೊಡುತ್ತಾರೆ, ಅರ್ಜಿ ಫೋನಿನಲ್ಲೇ ಹಾಕಬೇಕು ಎಂದು ಸುದ್ದಿ ಬಂದಿತ್ತು. ಮೈದುನನ ಮಗ ತಾನೇ ಹಾಕುತ್ತೇನೆಂದು ದುಂಬಾಲು ಬಿದ್ದಿದ್ದ, ಅದೂ ತನ್ನ ಹೆಸರಿನಲ್ಲಿ. "ಅವನ ಹೆಸರಿಗಾದ್ರೆ ನಾಳೆ ನನ್ನ ಒಲಿ ಎತ್ತಿ ಬಿಸಾಕ್ತಾನೆ. ನಂದು ನಾನೇ ಹಾಕ್ತೀನಿ. ಹೆಂಗೆ ಅಂತ ತೋರ್ಸವ್ವಾ" ಎಂದಿದ್ದರು ಅಜ್ಜಿ.

ಬಾಯಲ್ಲಿ ಹೇಳಿದ್ದು ಅಕ್ಷರವಾಗುವುದನ್ನು ಕಲಿತರು. ಎಐ ಜೊತೆ ಮಾತಾಡುವುದನ್ನೂ ಕಲಿತರು. ಮೊದಮೊದಲು ಅದನ್ನು ಗದರುತ್ತಿದ್ದರು. ಅದು ಕ್ಷಮೆ ಕೇಳಿದರೆ "ಹೋಗ್ಲಿ ಬಿಡು, ನೀನೂ ಕಲಿಯಾಕೆ ಬಂದೋನೇ" ಎಂದು ಸಮಾಧಾನ ಮಾಡುತ್ತಿದ್ದರು.

ಅರ್ಜಿಯ ಕೊನೆಯ ದಿನ. ಹೆಸರು, ವಯಸ್ಸು, ಕಸುಬು ಎಲ್ಲ ಸಲೀಸಾಗಿ ಹೇಳಿದರು. ಆಮೇಲೆ ಬಂತು, ಗಂಡನ ಹೆಸರು. ಅಜ್ಜಿ ಬಾಯಿ ಮುಚ್ಚಿದರು. ಮೈಕಿನ ಗುರುತು ಮಿನುಗಿ ಮಿನುಗಿ ಆರಿತು. ಅಯ್ಯೋ, ನನ್ನ ದಡ್ಡತನವೇ! ಮದುವೆಯಾದಾಗಿನಿಂದ ಆ ಹೆಸರನ್ನು ನಾಲಗೆಯ ಮೇಲೆ ತಂದವರಲ್ಲ ಅವರು, ಈಗ ತರುತ್ತಾರೆಯೇ?

"ಆಧಾರ್ ಕೊಡ್ರಿ ಅಜ್ಜಿ, ನೋಡ್ಕೊಂಡು ನಾನೇ ಬರೀತೀನಿ" ಎಂದೆ.

ನನ್ನ ಕೈ ತಳ್ಳಿದರು. "ನೀ ಬರದ್ರೆ ನಾ ಏನು ಕಲ್ತಂಗಾತು? ಸುಮ್ಕಿರು."

ಬಾಗಿಲಲ್ಲಿ ನಿಂತಿದ್ದ ಮೈದುನನ ಮಗ "ಆಗಲ್ಲ ಅಂತ ನಾ ಮೊದ್ಲೇ ಹೇಳಿದ್ನಲ್ಲ" ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿಯಿತು. ಅಜ್ಜಿ ಮಾತ್ರ ಮದುವೆ ಮನೆಗೆ ಬಂದವರಂತೆ ಸೆರಗು ಸರಿಮಾಡಿಕೊಂಡರು. ನಮ್ಮ ಕಡೆ ಹೆಸರು ಹೇಳಲೇಬೇಕಾಗಿ ಬಂದರೆ ಹೆಂಗಸರು ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಸೇರಿಸಿಬಿಡುತ್ತಾರೆ. ಅಜ್ಜಿ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಹೊಳಿ ನೀರು ಮೈಗೆ ತಂಪು, ಸೂಳೆಕೆರೆ ಗಾಳಿ ಮನಸಿಗೆ ತಂಪು, ಉರಿಯೋ ಒಲಿ ಮುಂದೆ ಕುಂತ ನನಗೆ... ಹೆಸರೇ ತಂಪು!"

ಆ ಹೆಸರನ್ನು ಇಲ್ಲಿ ನಾನು ಬರೆಯುವುದಿಲ್ಲ. ಅದು ಅವರ ಬಾಯಲ್ಲೇ ಇರಲಿ.

ಕಲಿಯಲು ಬಂದು ಕೂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆದರೆ ಫೋನು ಒಡಪನ್ನು ಇಡಿಯಾಗಿ ಆ ಜಾಗದಲ್ಲಿ ಬರೆದುಬಿಟ್ಟಿತ್ತು. ಅರ್ಜಿ ಮುಂದಕ್ಕೆ ಹೋಗಲೊಲ್ಲದು. ಮೈದುನನ ಮಗ ಮತ್ತೆ ನಕ್ಕ. ಅಜ್ಜಿ ಒಂದು ಗಳಿಗೆ ಯೋಚಿಸಿ ಎಐ ತೆರೆದರು. ಒಡಪನ್ನು ಅದಕ್ಕೂ ಹೇಳಿ, "ಇದರಾಗೆ ನಮ್ಮೋರ ಹೆಸರೈತೆ. ಹುಡುಕಿ ಅದೊಂದೇ ಬರಿ" ಎಂದರು. ಬರೆಯಿತು! ನಾನು ಹೇಳಿಕೊಟ್ಟಂತೆ ಅದನ್ನು ಒತ್ತಿ ಹಿಡಿದು, ತಂದು, ಅರ್ಜಿಯಲ್ಲಿ ಕೂರಿಸಿದರು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಚೀಟಿ ಅವರ ಹೆಸರಿಗೇ ಬಂತು. ಕೊರಳಿಗೆ ಹಾಕಿಕೊಂಡೇ ಮಂಡಕ್ಕಿ ಕಲಸುತ್ತಿದ್ದರು. ಆ ಒಡಪನ್ನು ಇನ್ನೊಮ್ಮೆ ಹೇಳಿಸಿ ಅವರ ಫೋನಿನಲ್ಲೇ ರೆಕಾರ್ಡ್ ಮಾಡಿಸಿದ್ದೆ. ಲಾಕ್ ನಂಬರು ಹಾಕುವುದನ್ನು ಕಲಿಸಿದ ದಿನ "ಆ ಕಡೆ ತಿರುಗವ್ವಾ, ಯಾರಿಗೂ ತೋರಿಸಬಾರದು ಅಂದೋಳು ನೀನೇ" ಎಂದರು. ಸ್ವಲ್ಪ ಬೇಸರವಾದರೂ ತಿರುಗಿ ನಿಂತೆ.

ಹೋದ ತಿಂಗಳು ಅಜ್ಜಿ ತೀರಿಕೊಂಡರು. ಹಿಂದಿನ ಸಂಜೆಯವರೆಗೂ ಒಲೆಯ ಮುಂದೆ ಕೂತಿದ್ದರಂತೆ.

ಅದೇ ಮೈದುನನ ಮಗ ಇವತ್ತು ನನ್ನೆದುರು ನಿಂತಿದ್ದ. "ನಂಬರು ನನಗೂ ಗೊತ್ತಿಲ್ಲ. ಗೊತ್ತಿದ್ದರೂ ತೆಗೀತಿರಲಿಲ್ಲ" ಎಂದೆ. "ಹಂಗಾದ್ರೆ ನೀವೇ ಇಟ್ಕಳ್ರಿ" ಎಂದು ಸಿಡುಕಿ ಹೋದ.

ಚೀಲ ಮೇಜಿನ ಮೇಲೇ ಇದೆ. ಒಳಗೆ ಅಜ್ಜಿಯ ದನಿಯಿದೆ. ಒಂದೇ ಒಂದು ಸಲ ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತದೆ... ನನಗೂ ತೆರೆಯುವುದಿಲ್ಲ. ಪಾಠ ಕಲಿಸಿದವಳು ನಾನೇ ತಾನೆ.