ಮಲ್ಲಾರಿಯ ಆಯಿ

ಮುಂಬೈ ದೂರದರ್ಶನಕ್ಕೆ ನಾಟಕ ಬರೆದುಕೊಟ್ಟ ಮಲ್ಲಾರಿ ನಮ್ಮ ಗಡಹಿಂಗ್ಲಜ ಕಡೆಯ ಕುರುಬರವನು. ಮನೆಮಾತು ಕನ್ನಡ, ಬರೆದದ್ದೆಲ್ಲ ಮರಾಠಿ. ಶಿರೋಳಿಯ ಫೌಂಡ್ರಿಯಲ್ಲಿ ದುಡಿಯುತ್ತಲೇ ಇಚಲಕರಂಜಿಯ ಮಗ್ಗದವರಿಗೂ ಕೊಲ್ಲಾಪುರದ ನಾಟಕ ಮಂಡಳಿಗಳಿಗೂ ಬರೆಯುತ್ತಿದ್ದ. ನಾನು ಜಿನಪಾಲ, ಅವನ ನಾಟಕಗಳಿಗೆ ಪರದೆ ಎಳೆದವನು. ಪರದೆ ಎಳೆಯುವವನಿಗೆ ನಾಟಕ ಏನು ತಿಳಿದೀತು ಎನ್ನುವವರ ಜೊತೆ ನಾನು ಮಾತಾಡುವುದಿಲ್ಲ. ಅವನ ಮಾತು ಕೇಳುತ್ತ ಹಗ್ಗ ಎಳೆಯುವುದನ್ನೇ ಮರೆತು ಎಷ್ಟು ಸಲ ಬೈಸಿಕೊಂಡಿದ್ದೇನೋ!

ಅವನ ತಾಯಿ ಹಾಲವ್ವ ಹೆರಿಗೆಯಲ್ಲೇ ತೀರಿಕೊಂಡಳು. ಸಾಕಿದ್ದು ಅವಳ ತಾಯಿ ಮಾಯವ್ವ. ನಮ್ಮ ಕನ್ನಡದಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ೧೯೭೮ರಲ್ಲಿ ಮಲ್ಲಾರಿ ಈ ಆಯಿಯ ಮೇಲೆಯೇ ನಾಟಕ ಬರೆದ. ಆಕೆಯ ಬೈಗುಳ, ಕುರಿ ಕರೆಯುವ ಧಾಟಿ ಎಲ್ಲವನ್ನೂ ಮರಾಠಿಗೆ ತಂದ ಪುಣ್ಯಾತ್ಮ, ‘ಆಯಿ’ಯನ್ನು ಮಾತ್ರ ಹಾಗೇ ಬಿಟ್ಟ. ಮರಾಠಿಯಲ್ಲಿ ಆಯಿ ಎಂದರೆ ತಾಯಿ! ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬರೆಯುವಾಗ ಅವನ ಕಣ್ಣ ಮುಂದೆ ಇದ್ದವಳು ಆ ಮುದುಕಿಯೊಬ್ಬಳೇ.

ಕೊಲ್ಲಾಪುರದ ನಿರ್ದೇಶಕ ದಾದಾಸಾಹೇಬರು ಅದನ್ನು ತಾಯಿಯ ಪಾತ್ರವೆಂದೇ ಓದಿ, ಕಬನೂರಿನ ಚಂಪಾಬಾಯಿ ಎಂಬ, ಕನ್ನಡವೂ ಬಲ್ಲ ತರುಣಿಗೆ ಕೊಟ್ಟರು. ಫೌಂಡ್ರಿಯ ಪಾಳಿ ಬಿಟ್ಟು ತಾಲೀಮಿಗೆ ಬರಲಾಗದ ಮಲ್ಲಾರಿಗೆ ಇದು ತಿಳಿದದ್ದು ಪ್ರಯೋಗದ ದಿನವೇ. ಅಂದೇ ಮುಂಬೈಯಿಂದ ದೂರದರ್ಶನದ ಸಾಹೇಬರು ನಾಟಕ ಆರಿಸಲು ಬಂದಿದ್ದರು. ಮಾಯವ್ವನೂ ಮುಂದಿನ ಸಾಲಿನಲ್ಲಿ ಕುಳಿತಿದ್ದಳು.

“ನಾಟಕ ಬಂದ್ ಮಾಡ್ರಿ! ಇಕಿ ನಮ್ಮ ಆಯಿ ಅಲ್ಲ. ಮುದುಕಿಗೆ ಹೆಂಗ ಮಾರಿ ತೋರಸ್ಲಿ?” ಎಂದು ಮಲ್ಲಾರಿ ರಂಗದ ಹಿಂದೆ ಬಣ್ಣ ಹಚ್ಚಿಕೊಂಡು ನಿಂತಿದ್ದ ಚಂಪಾಬಾಯಿಯನ್ನು ನೋಡಿ ಕೂಗಿದ.

“ಅರೇ, ವೇಡಾ ಝಾಲಾಸ್ ಕಾ?” ಎಂದು ದಾದಾಸಾಹೇಬರು ಹಣೆ ಬಡಿದುಕೊಂಡರು. ಹುಚ್ಚು ಹಿಡಿಯಿತೇನೋ ಎಂದು ನನಗೂ ಅನ್ನಿಸಿತು.

“ಸಾಹೇಬ್ರು ಕುಂತಾರ. ಈಗ ನಿಲ್ಸಿದ್ರ ಟೀವಿನೂ ಹೋತು, ನಿನ್ನ ಹೆಸರೂ ಹೋತು,” ಎಂದೆ.

“ಹೋಗ್ಲಿ,” ಎಂದ. ಎಂಥ ಹಠಮಾರಿ ಅಂತೀರಿ! ನನಗೆ ಸಿಟ್ಟು ನೆತ್ತಿಗೇರಿತು. ಪರದೆ ಎಳೆದು ನಾಟಕ ಶುರು ಮಾಡಿಸಿಯೇಬಿಟ್ಟೆ.

ಚಂಪಾಬಾಯಿ ಸೊಂಟಕ್ಕೆ ಕೈಯಿಟ್ಟು ಕುರಿ ಕರೆದಳು. ಮಾಯವ್ವ ಕುಳಿತಲ್ಲಿಂದ ಎದ್ದುನಿಂತಳು. ಹಿಂದಿನವರು ಕೂಗಿದರೂ ಕೂರಲಿಲ್ಲ, ನಾಟಕ ಮುಗಿಯುವವರೆಗೂ ಹಾಗೇ ನಿಂತಿದ್ದಳು. ಆಮೇಲೆ ರಂಗದ ಹಿಂದೆ ಬಂದು ಚಂಪಾಬಾಯಿಯ ಗದ್ದ ಹಿಡಿದಳು.

“ಇಕಿ ನನ್ನ ಹಾಲವ್ವಾ ಅದಾಳ! ನನ್ನ ನೋಡಿ ಕಲ್ತಿದ್ಳು, ಹಿಂಗ ಬೈತಿದ್ಳು, ಹಿಂಗ ಕರೀತಿದ್ಳು. ಮಲ್ಲಾರಿ, ನೀ ನಿಮ್ಮವ್ವನ ಮಾರೀನ ನೋಡಿಲ್ಲಲೋ. ಹೆಂಗ ಬರದಿ?”

ನನಗೆ ಮೈಯೆಲ್ಲ ಜುಮ್ಮೆಂದಿತು, ಇವತ್ತು ಹೇಳುವಾಗಲೂ ಹಾಗೇ ಆಗುತ್ತದೆ. ಅಷ್ಟರಲ್ಲಿ ಸಾಹೇಬರು ಬಂದು ನಾಟಕ ಒಪ್ಪಿಗೆ ಎಂದರು. ಎಂಬತ್ತರ ದಶಕವಿಡೀ ಅವನು ಟೀವಿಗೆ ಬರೆದದ್ದು ಅಲ್ಲಿಂದಲೇ ಶುರು. ಆದರೆ ಆಗ ಅವನು ಅವರತ್ತ ತಿರುಗಿಯೂ ನೋಡಲಿಲ್ಲ. ಚಂಪಾಬಾಯಿಯ ಮುಂದೆ ನಿಂತು ಕೈಮುಗಿದ.

“ಬಾಯೀರ, ಒಂದ್ಸಲ ನನ್ನ ಹೆಸರ ಹಿಡ್ದು ಕರೀರಿ.”

ಅವಳು ಗಾಬರಿಯಿಂದ ಮಾಯವ್ವನನ್ನು ನೋಡಿದಳು. ಮುದುಕಿ ತಲೆಯಾಡಿಸಿದಳು.

“ಮಲ್ಲಾರೀ, ಉಣ್ಣಾಕ ಬಾರೋ!”

“ಬಂದೆ, ಅವ್ವಾ,” ಎಂದ ಅವನು. ಅವ್ವಾ ಎಂದು ಅವನು ಯಾರನ್ನಾದರೂ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.